ತಡಸದಿಂದ ಇಂಡಸ್ಟ್ರಿಯಲ್ ಎಂಜಿನಿಯರಿಂಗಿಗೆ: ಪ್ರವೇಶ ನಿಯಮ, ಪಠ್ಯಕ್ರಮ ಮತ್ತು ಒಂದು ಶಾಖೆಯ ಹಿಂಜರಿತ

ಎಂಜಿನಿಯರಿಂಗ್ ಪ್ರವೇಶದ ನಿಯಮಗಳನ್ನು ಓದುವವರು ಸಾಮಾನ್ಯವಾಗಿ ಎರಡನೇ ಪಿಯುಸಿಯಿಂದ ಓದಲು ತೊಡಗುತ್ತಾರೆ. ತಡಸದಂಥ ಊರಿನ ಮಟ್ಟಿಗೆ ಅದು ತಡವಾದ ಆರಂಭ. ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲೂಕಿನ ಈ ಊರು ಗ್ರಾಮ ಪಂಚಾಯಿತಿಯ ಆಡಳಿತದಲ್ಲಿದೆ. ಪುಣೆ–ಬೆಂಗಳೂರು ಹೆದ್ದಾರಿಯ ತಡಸ ಕ್ರಾಸಿನಲ್ಲಿ ಬಸ್ ಹತ್ತಿದರೆ ಹುಬ್ಬಳ್ಳಿ ಮೂವತ್ತು ಕಿಲೋಮೀಟರಿನ ಒಳಗೆ. ಹಿಂದೆ ಎಲ್ಲವೂ ಧಾರವಾಡ ಜಿಲ್ಲೆಯೇ ಆಗಿತ್ತು. 1997ರ ಆಗಸ್ಟಿನಲ್ಲಿ ಹಾವೇರಿ ಬೇರೆ ಜಿಲ್ಲೆಯಾದ ಮೇಲೂ ಈ ಭಾಗದ ಮಕ್ಕಳ ಓದಿನ ಮುಖ ಹುಬ್ಬಳ್ಳಿ–ಧಾರವಾಡದ ಕಡೆಗೇ ಇದೆ. ಅನುಕೂಲವುಳ್ಳ ಮನೆಯವರು ಮಗುವನ್ನು ಎಂಟನೇ ತರಗತಿಗೇ ಪ್ಯಾಟಿ ಸಾಲಿಗೆ ಹಾಕುತ್ತಾರೆ. ಎಂಜಿನಿಯರಿಂಗ್ ಪ್ರವೇಶದ ಮೊದಲ ನಿರ್ಧಾರ ಆಗುವುದು ಅಲ್ಲಿಯೇ, ಸಾಮಾನ್ಯ ಪ್ರವೇಶ ಪರೀಕ್ಷೆಗೆ (ಸಿಇಟಿ) ಇನ್ನೂ ಐದು ವರ್ಷ ಬಾಕಿ ಇರುವಾಗ.

ಕಾರಣ ಗ್ರಾಮೀಣ ಮೀಸಲಾತಿಯ ವ್ಯಾಖ್ಯೆ. ವೃತ್ತಿಪರ ಕೋರ್ಸುಗಳ ಸರ್ಕಾರಿ ಸೀಟುಗಳಿಗೆ ಅಭ್ಯರ್ಥಿಗಳನ್ನು ಆಯ್ಕೆ ಮಾಡುವ 2006ರ ರಾಜ್ಯ ನಿಯಮಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸೀಟುಗಳಿವೆ. ಎರಡೂ ಸಮತಲ ಮೀಸಲಾತಿ. ಅಂದರೆ ಪ್ರತ್ಯೇಕ ರಾಶಿಯಲ್ಲ, ಪ್ರತಿ ಪ್ರವರ್ಗದ ಒಳಗೇ ಕತ್ತರಿಸಿ ಕೊಡುವ ಪಾಲು. ಎರಡಕ್ಕೂ ಹತ್ತು ಪೂರ್ಣ ಶೈಕ್ಷಣಿಕ ವರ್ಷಗಳ ಲೆಕ್ಕ ಬೇಕು: ಒಂದರಿಂದ ಹತ್ತನೇ ತರಗತಿವರೆಗೆ ನಗರ, ಪುರಸಭೆ, ಪಟ್ಟಣ ಪಂಚಾಯಿತಿಗಳ ಹೊರಗಿನ ಶಾಲೆಯಲ್ಲಿ ಓದಿರಬೇಕು; ಅಥವಾ ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಮನೆ ಎಲ್ಲಿದೆ ಎಂದು ನಿಯಮ ಕೇಳುವುದಿಲ್ಲ, ಶಾಲೆ ಎಲ್ಲಿತ್ತು ಎಂದು ಕೇಳುತ್ತದೆ. ತಡಸದಲ್ಲೇ ಉಂಡು ಮಲಗಿ, ದಿನವೂ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಎಂಟು, ಒಂಬತ್ತು, ಹತ್ತು ಓದಿದ ಹುಡುಗಿ ಈ ಪಾಲಿನಿಂದ ಹೊರಗೆ. ಹುಬ್ಬಳ್ಳಿಯಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಿಗ್ಗಾಂವಿ, ಬಂಕಾಪುರ, ಸವಣೂರು, ಹಾನಗಲ್ಲ ಇವೆಲ್ಲ ಪುರಸಭೆಯ ಊರುಗಳು. ತಾಲೂಕು ಕೇಂದ್ರದ ಪ್ರೌಢಶಾಲೆಯ ಒಂದೇ ವರ್ಷವೂ ಹಳ್ಳಿಯ ಒಂಬತ್ತು ವರ್ಷವನ್ನು ಅಳಿಸಿಬಿಡುತ್ತದೆ.

ಈ ನಿಯಮ ಅನ್ಯಾಯ ಎಂದು ನಾನು ಹೇಳುತ್ತಿಲ್ಲ. ಎಲ್ಲಾದರೂ ಗೆರೆ ಎಳೆಯಲೇಬೇಕು. ವಾಸದ ಆಧಾರದ ಮೇಲೆ ಎಳೆದಿದ್ದರೆ ದೃಢೀಕರಣ ಪತ್ರಗಳ ವ್ಯಾಪಾರ ಹೆಚ್ಚುತ್ತಿತ್ತು. ಆದರೆ ಆ ಗೆರೆ ಇರುವ ಸಂಗತಿ ಪಾಲಕರಿಗೆ ತಿಳಿಯುವುದು ಬಹಳ ತಡವಾಗಿ. ಹಿಂದೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲು ಸಹಿ ಹಾಕಿಸುವಾಗ ಗೊತ್ತಾಗುತ್ತಿತ್ತು. ಈಚೆಗೆ ಶಾಲಾ ದಾಖಲೆಗಳು ಎಸ್‌ಎಟಿಎಸ್ ಸಂಖ್ಯೆಯ ಮೂಲಕ, ಜಾತಿ–ಆದಾಯದ ವಿವರಗಳು ಕಂದಾಯ ಇಲಾಖೆಯ ಆರ್‌ಡಿ ಸಂಖ್ಯೆಯ ಮೂಲಕ ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರಕ್ಕೆ ಸಿಗುವುದರಿಂದ ಅರ್ಜಿ ತುಂಬುವಾಗಲೇ ಪರದೆಯ ಮೇಲೆ ಗೊತ್ತಾಗುತ್ತದೆ. ಸಾಮಾನ್ಯ ವರ್ಗದ ಗ್ರಾಮೀಣ ಅಭ್ಯರ್ಥಿಗೆ ಕೆನೆಪದರಕ್ಕೆ ಸೇರಿಲ್ಲವೆಂಬ ಪ್ರಮಾಣಪತ್ರವೂ ಬೇಕು. ಇದಕ್ಕಿಂತ ಸಡಿಲವಾದ ಇನ್ನೊಂದು ಷರತ್ತು ಬಹುತೇಕ ಎಲ್ಲರಿಗೂ ಅನ್ವಯಿಸುತ್ತದೆ: ಒಂದನೇ ತರಗತಿಯಿಂದ ಎರಡನೇ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ತಡಸದವರಿಗೆ ಅದು ತೊಡಕಲ್ಲ.

ಪ್ರಾದೇಶಿಕ ಮೀಸಲಾತಿ ಈ ಜಿಲ್ಲೆಗೆ ಇಲ್ಲ. ಸಂವಿಧಾನದ 371(ಜೆ) ವಿಧಿಯ ಅನುಕೂಲ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು. ಅಲ್ಲಿನ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು. ತುಂಗಭದ್ರೆಯ ಆಚೆ ದಡದ ಹೂವಿನಹಡಗಲಿಯ ಹುಡುಗನಿಗೆ ಅದು ಸಿಗುತ್ತದೆ, ಈಚೆ ದಡದ ಹಾವೇರಿಯವನಿಗೆ ಸಿಗುವುದಿಲ್ಲ. ಹೀಗಾಗಿ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಹಳ್ಳಿ ಮಕ್ಕಳಿಗೆ ಜಾತಿ ಪ್ರವರ್ಗ ಬಿಟ್ಟರೆ ಉಳಿಯುವ ಊರುಗೋಲು ಆ ಹತ್ತು ವರ್ಷದ ಲೆಕ್ಕ ಒಂದೇ.

ರ‍್ಯಾಂಕಿನ ದಾರಿ

ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದದ್ದು 1984ರಲ್ಲಿ. ಕ್ಯಾಪಿಟೇಶನ್ ಶುಲ್ಕ ನಿಷೇಧಿಸುವ ರಾಜ್ಯ ಕಾಯ್ದೆಗೂ ಅದೇ ವರ್ಷದ ಹೆಸರು. ಆಮೇಲೆ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು ಈ ವ್ಯವಸ್ಥೆಯನ್ನು ಮತ್ತೆಮತ್ತೆ ಕಲಕಿದವು: 1992ರ ಮೋಹಿನಿ ಜೈನ್ ಪ್ರಕರಣ (ಅದು ಕರ್ನಾಟಕದ್ದೇ), 1993ರ ಉನ್ನಿಕೃಷ್ಣನ್, 2002ರ ಟಿ.ಎಂ.ಎ. ಪೈ. ಉನ್ನಿಕೃಷ್ಣನ್ ತೀರ್ಪಿನಿಂದ ಹುಟ್ಟಿದ ‘ಫ್ರೀ ಸೀಟು–ಪೇಮೆಂಟ್ ಸೀಟು’ ಎಂಬ ಜೋಡಿ ಮಾತು ತೀರ್ಪು ಬಿದ್ದುಹೋದ ಮೇಲೂ ಈ ಕಡೆ ಬಾಯಲ್ಲಿ ಉಳಿದಿದೆ. ಅನುದಾನರಹಿತ ಖಾಸಗಿ ಕಾಲೇಜುಗಳಲ್ಲಿ ಈಗ ಸಾಮಾನ್ಯವಾಗಿ ನಡೆಯುವ ಹಂಚಿಕೆ ಇದು: ಶೇ. 45 ಸರ್ಕಾರಕ್ಕೆ, ಶೇ. 30 ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್‌ಕೆಗೆ, ಶೇ. 25 ಆಡಳಿತ ಮಂಡಳಿಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಸರ್ಕಾರದ ಪಾಲು ಶೇ. 40.

ಅರ್ಹತೆ ಕಠಿಣವಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಮತ್ತು ಮೂರನೆಯದೊಂದು ವಿಜ್ಞಾನ ವಿಷಯದಲ್ಲಿ ಒಟ್ಟು ಶೇ. 45, ಮೀಸಲು ಪ್ರವರ್ಗಗಳಿಗೆ ಶೇ. 40. ಪೈಪೋಟಿ ಇರುವುದು ರ‍್ಯಾಂಕಿನಲ್ಲಿ. ಭೌತ, ರಸಾಯನ, ಗಣಿತಕ್ಕೆ ತಲಾ 60 ಪ್ರಶ್ನೆ, ಪ್ರಶ್ನೆಗೊಂದು ಅಂಕ, ತಪ್ಪಿಗೆ ಅಂಕ ಕಡಿತವಿಲ್ಲ. ಈ 180ರಲ್ಲಿ ಬಂದ ಅಂಕಕ್ಕೆ ಅರ್ಧ ತೂಕ, ಪಿಯುಸಿಯ ಅದೇ ವಿಷಯಗಳ ಅಂಕಕ್ಕೆ ಇನ್ನರ್ಧ. 2021ರಲ್ಲಿ ಮಾತ್ರ ಪಿಯುಸಿ ಪರೀಕ್ಷೆಯೇ ರದ್ದಾಗಿ ಸಿಇಟಿ ಅಂಕದ ಮೇಲೆ ರ‍್ಯಾಂಕ್ ಕೊಡಬೇಕಾಯಿತು. ಪಿಯುಸಿಗೆ ಅರ್ಧ ತೂಕ ಕೊಟ್ಟಿದ್ದರಿಂದ ಕೋಚಿಂಗ್ ಸಿಗದ ಊರುಗಳಿಗೆ ಕೊಂಚ ಉಸಿರಾಡಲು ಜಾಗ ಸಿಕ್ಕಿದೆ ಎಂಬುದು ನನ್ನ ಅಭಿಪ್ರಾಯ. ಬಹು ಆಯ್ಕೆಯ ಪ್ರಶ್ನೆಗಳನ್ನು ನಿಮಿಷಕ್ಕೊಂದರಂತೆ ಬಿಡಿಸುವ ಚುರುಕು ಧಾರವಾಡದ ಕೋಚಿಂಗ್ ಕೋಣೆಗಳಲ್ಲಿ ಬೆಳೆಯುವಷ್ಟು ಸುಲಭವಾಗಿ ಹಳ್ಳಿಯಲ್ಲಿ ಬೆಳೆಯುವುದಿಲ್ಲ.

ರ‍್ಯಾಂಕ್ ಬಂದ ಮೇಲೆ ಆಪ್ಶನ್ ಎಂಟ್ರಿ. ಕಾಲೇಜು ಮತ್ತು ಶಾಖೆಯ ಜೋಡಿಗಳನ್ನು ಆದ್ಯತೆಯ ಕ್ರಮದಲ್ಲಿ ಬರೆಯಬೇಕು. ಅಣಕು ಹಂಚಿಕೆ ಆಗುತ್ತದೆ, ಪಟ್ಟಿ ತಿದ್ದಲು ಅವಕಾಶ ಸಿಗುತ್ತದೆ, ನಂತರ ನಿಜವಾದ ಸುತ್ತುಗಳು. ಸಿಕ್ಕ ಸೀಟಿನ ಎದುರು ಅಭ್ಯರ್ಥಿ ತನ್ನ ನಿಲುವು ತಿಳಿಸಬೇಕು: ಒಪ್ಪಿ ಸೇರುವುದು, ಇದನ್ನು ಹಿಡಿದುಕೊಂಡೇ ಮೇಲಿನದಕ್ಕೆ ಕಾಯುವುದು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ಅಥವಾ ಪೂರ್ತಿ ಹೊರಬೀಳುವುದು. ಸುತ್ತು ಮುಗಿದಾಗ ಪ್ರಕಟವಾಗುವ ಕಟ್‌ಆಫ್ ಪಟ್ಟಿಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ, 2ಎಜಿ, 2ಎಆರ್, 3ಬಿಕೆ ಎಂಬ ಕಂಬಸಾಲುಗಳಿರುತ್ತವೆ. ‘ಜಿಎಂ’ ಎಂದರೆ ಸಾಮಾನ್ಯ ವರ್ಗ, 2ಎ, 3ಬಿ ಹಿಂದುಳಿದ ವರ್ಗಗಳ ಪ್ರವರ್ಗಗಳು; ‘ಆರ್’ ಎಂದರೆ ಗ್ರಾಮೀಣ, ‘ಕೆ’ ಎಂದರೆ ಕನ್ನಡ ಮಾಧ್ಯಮ. ಶಾಲೆಯ ಹತ್ತು ವರ್ಷ ಕೊನೆಗೆ ಒಂದಕ್ಷರವಾಗಿ ನಿಲ್ಲುವುದು ಇಲ್ಲಿ.

ಆ ಒಂದಕ್ಷರದ ಬೆಲೆ ಶಾಖೆಯ ಗಾತ್ರದ ಮೇಲೆ ನಿಂತಿದೆ ಎಂಬ ಸಂಗತಿಯನ್ನು ಯಾರೂ ಅಷ್ಟಾಗಿ ಗಮನಿಸಿಲ್ಲ. ಒಂದು ಖಾಸಗಿ ಕಾಲೇಜಿನ 60 ಸೀಟಿನ ಶಾಖೆ ಎಂದುಕೊಳ್ಳೋಣ. ಸರ್ಕಾರದ ಪಾಲು 27. 2022ರಲ್ಲಿ ಪರಿಶಿಷ್ಟ ಜಾತಿಗೆ ಶೇ. 17, ಪರಿಶಿಷ್ಟ ಪಂಗಡಕ್ಕೆ ಶೇ. 7 ಮಾಡಿದ ಮೇಲೆ ಒಟ್ಟು ಲಂಬ ಮೀಸಲಾತಿ ಶೇ. 56, ಸಾಮಾನ್ಯ ವರ್ಗಕ್ಕೆ ಉಳಿಯುವುದು ಶೇ. 44, ಎಂದರೆ ಹನ್ನೆರಡು ಸೀಟಿಗೆ ಕೂದಲೆಳೆ ಕಡಿಮೆ. ಅದರ ಶೇ. 15 ಗ್ರಾಮೀಣ ಪಾಲು ಎರಡಕ್ಕಿಂತ ಕಡಿಮೆ. ಶೇ. 5 ಇರುವ 3ಬಿ ಪ್ರವರ್ಗದಲ್ಲಿ 27ಕ್ಕೆ 1.35 ಸೀಟು, ಅದರೊಳಗೆ ಗ್ರಾಮೀಣ ಪಾಲು 0.2. ಭಿನ್ನರಾಶಿಯನ್ನು ಪೂರ್ಣಾಂಕಕ್ಕೆ ಇಳಿಸುವ ಕ್ರಮ ಹೇಗೇ ಇರಲಿ, ಹಂಚಲು ಸೀಟೇ ಇಲ್ಲದಲ್ಲಿ ಕ್ರಮ ಏನು ಮಾಡೀತು? ಅದೇ ಕಾಲೇಜಿನ 240 ಸೀಟಿನ ಕಂಪ್ಯೂಟರ್ ಶಾಖೆಯಲ್ಲಿ ಸರ್ಕಾರದ ಪಾಲು 108, ಸಾಮಾನ್ಯ ವರ್ಗ ಸುಮಾರು 47, ಗ್ರಾಮೀಣ 7. ಮೀಸಲಾತಿಯ ಅಂಕಗಣಿತವೇ ಹಳ್ಳಿಯ ವಿದ್ಯಾರ್ಥಿಯನ್ನು ದೊಡ್ಡ ಶಾಖೆಯ ಕಡೆ ತಳ್ಳುತ್ತದೆ. ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸಣ್ಣ ಶಾಖೆ. ಅದರ ಗೇಟು ಅಗಲವಾಗಿದ್ದದ್ದು ಬೇಡಿಕೆ ಕಡಿಮೆಯಿದ್ದುದರಿಂದ. ಆ ಕಡಿಮೆ ಬೇಡಿಕೆಯೇ ಮುಂದೆ ಅದನ್ನು ಅಲ್ಲಾಡಿಸಿತು.

ಎರಡು ಹಣೆಪಟ್ಟಿ, ಒಂದು ವಿಷಯ

1908–09ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನಲ್ಲಿ ಹ್ಯೂಗೊ ಡೀಮರ್ ಇಂಡಸ್ಟ್ರಿಯಲ್ ಎಂಜಿನಿಯರಿಂಗಿಗೆ ಮೊದಲ ಪದವಿ ಪಠ್ಯಕ್ರಮ ಕಟ್ಟಿದರು. ಫ್ರೆಡರಿಕ್ ಟೇಲರ್ ಅವರ ವೈಜ್ಞಾನಿಕ ನಿರ್ವಹಣೆಯ ಪುಸ್ತಕ ಬಂದದ್ದು 1911ರಲ್ಲಿ. ಭಾರತದಲ್ಲಿ 1957ರಲ್ಲಿ ಇಂಡಸ್ಟ್ರಿಯಲ್ ಎಂಜಿನಿಯರುಗಳ ವೃತ್ತಿ ಸಂಸ್ಥೆ, 1958ರಲ್ಲಿ ರಾಷ್ಟ್ರೀಯ ಉತ್ಪಾದಕತಾ ಮಂಡಳಿ, 1963ರಲ್ಲಿ ಮುಂಬೈಯ ರಾಷ್ಟ್ರೀಯ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಸಂಸ್ಥೆ, ನಿಟಿ. ನಿಟಿ 2023ರಲ್ಲಿ ಐಐಎಂ ಮುಂಬೈ ಎಂದಾಯಿತು. ಈ ವಿಷಯ ಎಂಜಿನಿಯರಿಂಗಿನಿಂದ ಯಾವ ಕಡೆ ವಾಲುತ್ತಿದೆ ಎಂಬುದಕ್ಕೆ ಅದೇ ದೊಡ್ಡ ಗುರುತು.

ಕರ್ನಾಟಕದಲ್ಲಿ ಈ ಪದವಿ ಎರಡು ರೂಪದಲ್ಲಿ ಬೆಳೆಯಿತು. ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ, ಬಾಗಲಕೋಟೆಯ ಬಸವೇಶ್ವರ, ಕಲಬುರಗಿಯ ಪಿ.ಡಿ.ಎ., ದಾವಣಗೆರೆಯ ಯು.ಬಿ.ಡಿ.ಟಿ., ಹಾಸನದ ಮಲೆನಾಡು ಕಾಲೇಜುಗಳಲ್ಲಿ ಅದು ‘ಇಂಡಸ್ಟ್ರಿಯಲ್ ಆಂಡ್ ಪ್ರೊಡಕ್ಷನ್’. ಬೆಂಗಳೂರಿನ ಆರ್‌.ವಿ., ರಾಮಯ್ಯ, ಬಿ.ಎಂ.ಎಸ್., ದಯಾನಂದ ಸಾಗರ ಮತ್ತು ತುಮಕೂರಿನ ಸಿದ್ಧಗಂಗಾ ಕಾಲೇಜುಗಳಲ್ಲಿ ‘ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಆಂಡ್ ಮ್ಯಾನೇಜ್‌ಮೆಂಟ್’. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವಿದ್ಯಾರ್ಥಿ ಸಂಖ್ಯೆಯಲ್ಲಿ ಮೊದಲನೆಯವರಿಗೆ ‘ಐಪಿ’, ಎರಡನೆಯವರಿಗೆ ‘ಐಎಂ’ ಎಂಬ ಅಕ್ಷರಗಳು. ಬೆಂಗಳೂರು–ತುಮಕೂರಿನಾಚೆ ಮ್ಯಾನೇಜ್‌ಮೆಂಟಿನ ಹಣೆಪಟ್ಟಿ ಅಷ್ಟಾಗಿ ಕಾಣುವುದಿಲ್ಲ. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತು ಕಟ್ಟುತ್ತಿದ್ದ, ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ಬಿಡಿಭಾಗ ಕಡೆಯುತ್ತಿದ್ದ ಪ್ರದೇಶದಲ್ಲಿ ಪ್ರೊಡಕ್ಷನ್ ಎಂಬುದಕ್ಕೆ ತಕ್ಷಣದ ಅರ್ಥವಿತ್ತು ಎಂದು ಊಹಿಸಬಹುದು.

ಈ ಕಾಲೇಜುಗಳಲ್ಲಿ ಹುಬ್ಬಳ್ಳಿಯದು ತಡಸಕ್ಕೆ ಹತ್ತಿರದ್ದು. ಕೆಎಲ್‌ಇ ಸಂಸ್ಥೆ 1947ರಲ್ಲಿ ಆರಂಭಿಸಿದ ಅದು ಉತ್ತರ ಕರ್ನಾಟಕದ ಮೊದಲ ಎಂಜಿನಿಯರಿಂಗ್ ಕಾಲೇಜು. ಹಿಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು, 1998ರಲ್ಲಿ ವಿಟಿಯು ಶುರುವಾದಾಗ ಅದರ ಕೆಳಗೆ ಬಂತು, 2015ರಲ್ಲಿ ಸ್ವತಃ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು.

ಎರಡು ರೂಪಗಳ ವ್ಯತ್ಯಾಸ ಮೂರನೇ ಸೆಮಿಸ್ಟರಿನಿಂದ ಕಾಣುತ್ತದೆ. ಮೊದಲ ವರ್ಷ ಎಲ್ಲ ಶಾಖೆಗೂ ಹೆಚ್ಚುಕಡಿಮೆ ಒಂದೇ. ವಿದ್ಯಾರ್ಥಿಗಳ ಮಾತಿನಲ್ಲಿ ಒಂದು ಸೆಮಿಸ್ಟರ್ ‘ಪಿ (ಫಿಸಿಕ್ಸ್) ಸೈಕಲ್’, ಇನ್ನೊಂದು ‘ಸಿ (ಕೆಮಿಸ್ಟ್ರಿ) ಸೈಕಲ್’. ವಿಟಿಯುವಿನ 2022ರ ‘ಸ್ಕೀಮ್’ ಅಂದರೆ ಪಠ್ಯಕ್ರಮದ ಆವೃತ್ತಿಯಲ್ಲಿ ಮೊದಲ ವರ್ಷವನ್ನೂ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕಂಪ್ಯೂಟರ್ ಎಂದು ಸ್ಟ್ರೀಮುಗಳಾಗಿ ಸೀಳಿದ್ದು, ಇಂಡಸ್ಟ್ರಿಯಲ್ ಮೆಕ್ಯಾನಿಕಲ್ ಸ್ಟ್ರೀಮಿಗೆ ಸೇರುತ್ತದೆ. ಮುಂದೆ ಐಪಿಯವರಿಗೆ ಲೋಹ ಕತ್ತರಿಸುವಿಕೆ, ಎರಕ, ಯಂತ್ರೋಪಕರಣ, ಜಿಗ್ ಮತ್ತು ಫಿಕ್ಸ್ಚರುಗಳ ವಿನ್ಯಾಸ ಹೆಚ್ಚು. ಐಎಂನವರಿಗೆ ವೆಚ್ಚ ಲೆಕ್ಕ, ಎಂಜಿನಿಯರಿಂಗ್ ಅರ್ಥಶಾಸ್ತ್ರ, ಸರಬರಾಜು ಸರಪಳಿ, ಸಿಮ್ಯುಲೇಶನ್ ಹೆಚ್ಚು. ನಡುವಿನ ಬೆನ್ನೆಲುಬು ಇಬ್ಬರಿಗೂ ಒಂದೇ: ವರ್ಕ್ ಸ್ಟಡಿ ಮತ್ತು ಎರ್ಗನಾಮಿಕ್ಸ್, ಅಂಕಿಸಂಖ್ಯಾ ಗುಣಮಟ್ಟ ನಿಯಂತ್ರಣ, ಆಪರೇಷನ್ಸ್ ರಿಸರ್ಚ್, ಕಾರ್ಖಾನೆಯ ಜಾಗ ಯೋಜನೆ.

ಈ ಬೆನ್ನೆಲುಬಿನ ಬಗ್ಗೆ ಕೊಂಚ ನಿಂತು ನೋಡಬೇಕು. ಹಾವೇರಿ ಜಿಲ್ಲೆಯ ಬದುಕಿಗೆ ಇಷ್ಟು ಹತ್ತಿರದ ಎಂಜಿನಿಯರಿಂಗ್ ಪಾಠ ಮತ್ತೊಂದಿಲ್ಲ ಎಂಬುದು ನನ್ನ ವಾದ. ವರ್ಕ್ ಸ್ಟಡಿಯ ಕೇಂದ್ರದಲ್ಲಿ ಒಂದು ಸರಳ ಲೆಕ್ಕವಿದೆ. ಒಂದು ಕೆಲಸವನ್ನು ಮಾಡಲು ಒಬ್ಬರಿಗೆ ಹಿಡಿದ ಸಮಯವನ್ನು ಗಡಿಯಾರ ಹಿಡಿದು ಅಳೆಯುತ್ತಾರೆ. ಅವರು ಸಾಧಾರಣ ವೇಗಕ್ಕಿಂತ ಚುರುಕೋ ನಿಧಾನವೋ ಎಂಬುದಕ್ಕೆ 100ನ್ನು ಸಾಧಾರಣವೆಂದಿಟ್ಟು ದರ ಕೊಡುತ್ತಾರೆ. 40 ಸೆಕೆಂಡು ಹಿಡಿಯಿತು, ದರ 110 ಎಂದಾದರೆ ಮೂಲ ಸಮಯ 44 ಸೆಕೆಂಡು. ನೀರು ಕುಡಿಯುವುದು, ಬೆನ್ನು ನೆಟ್ಟಗೆ ಮಾಡುವುದು, ದಣಿವು ಇವಕ್ಕೆ ಶೇ. 15 ಭತ್ಯೆ ಸೇರಿಸಿದರೆ 50.6 ಸೆಕೆಂಡು, ಇದು ಪ್ರಮಾಣ ಸಮಯ. ಬ್ಯಾಡಗಿಯ ಮಾರುಕಟ್ಟೆಯ ಸುತ್ತಮುತ್ತ ಹೆಣ್ಣುಮಕ್ಕಳು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಅಲ್ಲಿ ಕೂಲಿ ತೂಕದ ಮೇಲೆ. ಅಂಥ ಕೆಲಸಕ್ಕೆ ಎಷ್ಟು ಕೂಲಿ ನ್ಯಾಯ ಎಂಬ ಪ್ರಶ್ನೆಗೆ ಚೌಕಾಸಿ ಬಿಟ್ಟು ಬೇರೆ ಬುನಾದಿ ಬೇಕಾದರೆ ಸಿಗುವುದು ಈ ಲೆಕ್ಕದಲ್ಲೇ. ಖಾರದ ಘಾಟು, ಕುಳಿತ ಭಂಗಿ, ಉರಿಯುವ ಬೆರಳು ಇವೆಲ್ಲ ಭತ್ಯೆಯ ಸಾಲಿನಲ್ಲಿ ಬರಬೇಕಾದ ಸಂಗತಿಗಳು. ಇದೇ ಲೆಕ್ಕವನ್ನು ಕೂಲಿ ಹಿಂಡಲೂ ಬಳಸಬಹುದು ಎಂಬುದೂ ನಿಜ. ಟೇಲರ್ ಕಾಲದಿಂದಲೂ ಕಾರ್ಮಿಕ ಸಂಘಗಳು ಗಡಿಯಾರದವರನ್ನು ಕಂಡರೆ ಹುಬ್ಬು ಗಂಟಿಕ್ಕಿದ್ದು ಸುಮ್ಮನೆ ಅಲ್ಲ. ದರ ನಿಗದಿಯಲ್ಲಿ ಅಳೆಯುವವನ ಕಣ್ಣಂದಾಜು ಇದ್ದೇ ಇರುತ್ತದೆ. 110 ಎಂದಲ್ಲಿ 95 ಎಂದು ಬರೆದರೆ ಪ್ರಮಾಣ ಸಮಯ 43.7 ಸೆಕೆಂಡಿಗೆ ಇಳಿಯುತ್ತದೆ, ತೂಕದ ಮೇಲಿನ ಕೂಲಿಯೂ ಅದರ ಹಿಂದೆಯೇ.

ಎಂಜಿನಿಯರಿಂಗ್ ಕಾಲೇಜು ಹುಟ್ಟುವ ಮೊದಲೇ ಹುಬ್ಬಳ್ಳಿಯಲ್ಲಿ ದೊಡ್ಡ ಕೆಲಸದ ಮನೆ ಇತ್ತು. ಸದರ್ನ್ ಮರಾಠಾ ರೈಲ್ವೆಯ ವರ್ಕ್‌ಶಾಪ್ 1885ರದ್ದು. ಭಾರತೀಯ ರೈಲ್ವೆಯ ವರ್ಕ್‌ಶಾಪುಗಳಲ್ಲಿ ಚಿತ್ತರಂಜನ್ ಮಾದರಿಯ ಪ್ರೋತ್ಸಾಹಧನ ಪದ್ಧತಿ ನಿಂತಿರುವುದು ಇದೇ ಕಾಲಮಾಪನದ ಮೇಲೆ. ಸಾಧಾರಣ ಸಾಮರ್ಥ್ಯದ ಕೆಲಸಗಾರ ಮೂಲ ವೇತನದ ಮೇಲೆ ಮೂರರಲ್ಲಿ ಒಂದು ಪಾಲು ಹೆಚ್ಚು ಗಳಿಸುವಂತೆ ಪ್ರತಿ ಕೆಲಸಕ್ಕೂ ಸಮಯ ಗೊತ್ತುಮಾಡುತ್ತಾರೆ. ಅದನ್ನು ಗೊತ್ತುಮಾಡುವ ನೌಕರನಿಗೆ ‘ರೇಟ್ ಫಿಕ್ಸರ್’ ಎಂಬ ಹುದ್ದೆ. ಇನ್ನೊಂದು ಉದಾಹರಣೆ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. ಅದರ ಕೇಂದ್ರ ಕಚೇರಿ ಹುಬ್ಬಳ್ಳಿ. ಬೆಳಿಗ್ಗೆ ತಡಸಕ್ಕೆ ಬಂದ ಬಸ್ಸಿನ ಚಾಲಕ–ನಿರ್ವಾಹಕರು ಮುಂಡಗೋಡಕ್ಕೆ ಮುಂದುವರಿಯಬೇಕೇ, ಹುಬ್ಬಳ್ಳಿಗೆ ಹಿಂತಿರುಗಬೇಕೇ, ಯಾರ ಪಾಳಿ ಎಲ್ಲಿ ಮುಗಿಯಬೇಕು ಎಂಬುದು ಆಪರೇಷನ್ಸ್ ರಿಸರ್ಚ್ ತರಗತಿಯ ಅಸೈನ್‌ಮೆಂಟ್ ಪ್ರಾಬ್ಲೆಮ್. ಪಠ್ಯಪುಸ್ತಕದಲ್ಲಿ ಮೂರು ಯಂತ್ರ, ಮೂರು ಕೆಲಸ ಎಂದಿರುತ್ತದೆ, ಡಿಪೊದಲ್ಲಿ ನೂರಾರು.

ಕ್ರೆಡಿಟ್, ಹಾಜರಿ, ಇಯರ್ ಬ್ಯಾಕ್

ವಿಟಿಯುವಿನ ಎಂಜಿನಿಯರಿಂಗ್ ಪದವಿ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಹೆಚ್ಚೆಂದರೆ ಎಂಟು ವರ್ಷದೊಳಗೆ ಮುಗಿಸಬೇಕು. ವಾರಕ್ಕೊಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಪ್ರಯೋಗಾಲಯವಾದರೆ ಎರಡು ಗಂಟೆಗೆ ಒಂದು. ಒಟ್ಟು ಭಾರ ಇಳಿಯುತ್ತ ಬಂದಿದೆ: 2015ರ ಸ್ಕೀಮಿನಲ್ಲಿ 200, 2018ರಲ್ಲಿ 175, 2021 ಮತ್ತು 2022ರಲ್ಲಿ 160. ಕೊನೆಯ ಸಂಖ್ಯೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಮಾದರಿ ಪಠ್ಯಕ್ರಮದ್ದು. 2022ರ ಸ್ಕೀಮಿನಲ್ಲಿ ತರಗತಿಯ ಆಂತರಿಕ ಅಂಕ 50, ವಿಶ್ವವಿದ್ಯಾಲಯದ ಪರೀಕ್ಷೆ 50. ಆಂತರಿಕದಲ್ಲಿ 20, ಪರೀಕ್ಷೆಯಲ್ಲಿ 18, ಒಟ್ಟಿನಲ್ಲಿ 40 ಬಂದರೆ ಪಾಸು. ಹಾಜರಿ ಶೇ. 85, ಸಕಾರಣವಿದ್ದರೆ ಶೇ. 75ರವರೆಗೆ ಮನ್ನಾ. ಹಿಂದಿನ ಸ್ಕೀಮುಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ವಿಷಯ ಉಳಿಸಿಕೊಂಡವರು ಮುಂದಿನ ವರ್ಷಕ್ಕೆ ಹೋಗುವಂತಿರಲಿಲ್ಲ. ಹಾಸ್ಟೆಲಿನ ಭಾಷೆಯಲ್ಲಿ ಅದು ‘ಇಯರ್ ಬ್ಯಾಕ್’. ಮನೆಗೆ ಹೇಳುವಾಗ ‘ಒಂದ್ ವರ್ಷ ಹೋತು’.

ಎಸ್‌ಎಸ್‌ಎಲ್‌ಸಿ ನಂತರ ಪಾಲಿಟೆಕ್ನಿಕ್ ಸೇರಿ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ನೇರ ಮೂರನೇ ಸೆಮಿಸ್ಟರಿಗೆ ಬರಬಹುದು. ವಿಜ್ಞಾನ ಪಿಯುಸಿ ದೂರವಿದ್ದ ಊರುಗಳಿಗೆ ಇದು ಹಳೆಯ ಒಳದಾರಿ. ತಪ್ಪಿದ ಮೊದಲ ವರ್ಷದ ಗಣಿತವನ್ನು ಮಾತ್ರ ಹೆಚ್ಚುವರಿ ಪತ್ರಿಕೆಗಳ ಮೂಲಕ ತುಂಬಿಕೊಳ್ಳಬೇಕು. ಅವಕ್ಕೆ ಕ್ರೆಡಿಟ್ ಇಲ್ಲ, ಪಾಸಾಗದೆ ಪದವಿಯೂ ಇಲ್ಲ. ತರಗತಿಯ ಹೊರಗಿನ ಸಮಾಜಮುಖಿ ಚಟುವಟಿಕೆಗೆ ಮೊದಲ ವರ್ಷಕ್ಕೇ ಸೇರಿದವರಿಗೆ 100, ಡಿಪ್ಲೊಮಾದಿಂದ ಬಂದವರಿಗೆ 75 ಅಂಕಗಳು ಬೇಕು.

ಕನ್ನಡವೂ ಪಠ್ಯಕ್ರಮದಲ್ಲಿದೆ: ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ಇನ್ನು ಎಂಜಿನಿಯರಿಂಗನ್ನೇ ಕನ್ನಡದಲ್ಲಿ ಓದುವ ಮಾತು. 2021ರಲ್ಲಿ ಎಐಸಿಟಿಇ ಪ್ರಾದೇಶಿಕ ಭಾಷೆಗಳಿಗೆ ಬಾಗಿಲು ತೆರೆದಾಗ ಕರ್ನಾಟಕದಲ್ಲಿ ಭಾಲ್ಕಿಯ ಕಾಲೇಜು ಮೆಕ್ಯಾನಿಕಲ್ ಶಾಖೆಗಾಗಿ ಮುಂದೆ ಬಂತು. ವಿದ್ಯಾರ್ಥಿಗಳು ಒಲವು ತೋರಲಿಲ್ಲ. ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಸೀಟು ಕೊಡುವ ವ್ಯವಸ್ಥೆಯೇ ಸೀಟು ಕೊಟ್ಟ ಮರುದಿನದಿಂದ ಇಂಗ್ಲಿಷಿನಲ್ಲಿ ಪಾಠ ಹೇಳುತ್ತದೆ. ವಿದ್ಯಾರ್ಥಿಗಳು ಈ ವಿರೋಧಾಭಾಸವನ್ನು ಗೊತ್ತಿದ್ದೇ ನುಂಗಿಕೊಂಡಿದ್ದಾರೆ. ಸಂದರ್ಶನ ನಡೆಯುವ ಭಾಷೆ ಯಾವುದೆಂದು ಅವರಿಗೆ ಗೊತ್ತು.

ಶಾಖೆ ಕರಗಿದ ಬಗೆ

ಐಪಿ ಕಲಿಸುತ್ತಿದ್ದ ಹುಬ್ಬಳ್ಳಿಯ ಅದೇ ಆವರಣದಲ್ಲಿ ಇಂದು ಆಟೊಮೇಷನ್ ಆಂಡ್ ರೊಬಾಟಿಕ್ಸ್ ಪದವಿ ಇದೆ. ಹಾವೇರಿ ಜಿಲ್ಲೆಯ ಮಟ್ಟಿಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು 2007ರಲ್ಲಿ ದೇವಗಿರಿಯಲ್ಲಿ ಬಂತು. ಅಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಶಾಖೆಗಳು, ಇಂಡಸ್ಟ್ರಿಯಲ್ ಇಲ್ಲ. ಈ ಪದವಿಯ ನೆಲೆ ಈಗ ಮುಖ್ಯವಾಗಿ ಬೆಂಗಳೂರು–ತುಮಕೂರಿನ ಕಡೆ, ಅದೂ ಮ್ಯಾನೇಜ್‌ಮೆಂಟಿನ ಹಣೆಪಟ್ಟಿಯಲ್ಲಿ.

ಇದನ್ನು ಕಾಲದ ಮಹಿಮೆ ಎಂದು ಬಿಟ್ಟರೆ ಸಾಲದು. ಆಪ್ಶನ್ ಎಂಟ್ರಿಯ ಯಂತ್ರ ಕೆಲಸ ಮಾಡುವ ರೀತಿ ನೋಡಬೇಕು. ಪ್ರತಿ ಅಭ್ಯರ್ಥಿ ಬರೆಯುವ ಪಟ್ಟಿಯಲ್ಲಿ ಶಾಖೆಯ ಸ್ಥಾನ ಅದರ ಹೆಸರಿನ ಗುರುತಿನ ಮೇಲೆ ನಿಲ್ಲುತ್ತದೆ. ಪಾಲಕರಿಗೆ ಗುರುತಿಲ್ಲದ ಶಾಖೆ ಕೆಳಗಿಳಿಯುತ್ತದೆ. ಕೆಳಗಿಳಿದದ್ದರಿಂದ ಕಟ್‌ಆಫ್ ರ‍್ಯಾಂಕ್ ದೂರ ಹೋಗುತ್ತದೆ. ಮರುವರ್ಷದವರು ಆ ಕಟ್‌ಆಫ್ ನೋಡಿ ‘ಇದು ಕಡಿಮೆ ದರ್ಜೆಯದು’ ಎಂದು ಇನ್ನೂ ಕೆಳಗೆ ಬರೆಯುತ್ತಾರೆ. ಸೀಟು ಖಾಲಿ ಬೀಳುತ್ತದೆ. ಖಾಲಿ ಸೀಟಿಗೂ ಅಧ್ಯಾಪಕರು, ಪ್ರಯೋಗಾಲಯ, ಅನುಮೋದನೆಯ ಶುಲ್ಕ ಬೇಕು. ಆಡಳಿತ ಮಂಡಳಿ ಆ ಸೀಟುಗಳನ್ನು ಬೇಡಿಕೆಯ ಶಾಖೆಗೆ ಹೊರಳಿಸಲು ಅರ್ಜಿ ಹಾಕುತ್ತದೆ. 2024ರ ಎಐಸಿಟಿಇ ಕೈಪಿಡಿ ಉತ್ತಮ ಸಂಸ್ಥೆಗಳಿಗೆ ಒಂದು ಶಾಖೆಯ ಸೀಟುಗಳ ಮೇಲಿದ್ದ ಮಿತಿಯನ್ನೂ ತೆಗೆದಿದೆ. ಈ ಸರಪಳಿಯ ಯಾವ ಕೊಂಡಿಯಲ್ಲೂ ವರ್ಕ್ ಸ್ಟಡಿ ಬೇಕೇ ಬೇಡವೇ ಎಂದು ಯಾರೂ ಕೇಳಿದವರಿಲ್ಲ. ‘ಐಪಿ ತಗೊಂಡ್ರ ಮುಂದ ಏನ್ ಆಗ್ತಾರ?’ ಎಂದು ಕೇಳಿದ್ದು ನಿಜ. ಆದರೆ ಮೆಕ್ಯಾನಿಕಲ್ ಓದಿದವರು ಏನಾಗುತ್ತಾರೆ ಎಂಬುದಕ್ಕೂ ಅದಕ್ಕಿಂತ ಸ್ಪಷ್ಟ ಉತ್ತರ ಪಾಲಕರ ಬಳಿ ಇರಲಿಲ್ಲ. ಹೆಸರು ಕೇಳಿದ್ದರು, ಅಷ್ಟೇ.

ಉದ್ಯೋಗದ ನಿಯಮಗಳೂ ಸಹಾಯ ಮಾಡಲಿಲ್ಲ. ಕೇಂದ್ರದ ಎಂಜಿನಿಯರಿಂಗ್ ಸೇವಾ ಪರೀಕ್ಷೆಯಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಎಂಬ ನಾಲ್ಕೇ ವಿಭಾಗ. ಇಂಡಸ್ಟ್ರಿಯಲ್ ಪದವೀಧರ ಮೆಕ್ಯಾನಿಕಲ್ ವಿಭಾಗದಲ್ಲಿ ಬರೆಯಬಹುದು, ಆದರೆ ಅವನ ಅರ್ಧ ಓದನ್ನು ಅಲ್ಲಿ ಕೇಳುವುದಿಲ್ಲ.

ಹಾಗಾದರೆ ವಿಷಯ ಎಲ್ಲಿ ಹೋಯಿತು? ಒಂದು ಭಾಗ ಎಂಬಿಎಗೆ ಹೋಗಿದೆ, ಒಂದು ಭಾಗ ಡೇಟಾ ಸೈನ್ಸಿನ ಆಪ್ಟಿಮೈಸೇಶನ್ ಪತ್ರಿಕೆಗೆ. ದೇವಗಿರಿಯ ವಿದ್ಯಾರ್ಥಿಗೆ ಸಂಬಂಧಿಸಿದ್ದು ಮೆಕ್ಯಾನಿಕಲ್ ಸ್ಕೀಮಿನೊಳಗೆ ಉಳಿದ ಭಾಗ. ವಿಟಿಯುವಿನ 2010ರ ಮತ್ತು ಅದರ ನಂತರದ, 2018ಕ್ಕೆ ಮುಂಚಿನ ಮೆಕ್ಯಾನಿಕಲ್ ಸ್ಕೀಮುಗಳಲ್ಲಿ ಆಪರೇಷನ್ಸ್ ರಿಸರ್ಚ್ ಕಡ್ಡಾಯ ಪತ್ರಿಕೆಯಾಗಿತ್ತು, ಕೊನೆಯ ವರ್ಷಕ್ಕೆ. 2018ರ ಸ್ಕೀಮಿನಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಕಡ್ಡಾಯವಾಗಿ ಉಳಿದು, ಆಪರೇಷನ್ಸ್ ರಿಸರ್ಚ್ ಐಚ್ಛಿಕಗಳ ಸಾಲಿಗೆ ಸರಿಯಿತು. ಐಚ್ಛಿಕ ಎಂದರೆ ಕಾಲೇಜಿನಲ್ಲಿ ಕಲಿಸುವವರಿದ್ದು, ಸಾಕಷ್ಟು ವಿದ್ಯಾರ್ಥಿಗಳು ಕೇಳಿದರೆ ನಡೆಯುವ ಪಾಠ. ಮೊದಲು ಶಾಖೆಗೆ ಆದದ್ದು ಈಗ ಪತ್ರಿಕೆಯ ಮಟ್ಟದಲ್ಲಿ ಆಗುವ ಸಾಧ್ಯತೆ ಇದೆ: ಯಂತ್ರ ಅದೇ, ಪ್ರಮಾಣ ಮಾತ್ರ ಸಣ್ಣದು.

ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಮಾತ್ರ ‘ಪಿಐ’ ಎಂಬ ಪ್ರತ್ಯೇಕ ಪತ್ರಿಕೆ ಉಳಿದುಕೊಂಡಿದೆ: ಪ್ರೊಡಕ್ಷನ್ ಆಂಡ್ ಇಂಡಸ್ಟ್ರಿಯಲ್. ಉತ್ಪಾದನಾ ವಿಧಾನ, ಗುಣಮಟ್ಟ ಮತ್ತು ವಿಶ್ವಾಸಾರ್ಹತೆ, ವರ್ಕ್ ಸ್ಟಡಿ, ಆಪರೇಷನ್ಸ್ ರಿಸರ್ಚ್ ಎಲ್ಲ ಅದರಲ್ಲಿವೆ; ಮೆಕ್ಯಾನಿಕಲ್ ಪದವೀಧರರೂ ಬರೆಯಬಹುದು. ದೇವಗಿರಿಯಲ್ಲಿ ಓದುವ ತಡಸದ ಹುಡುಗಿಗೆ ಈ ವಿಷಯಕ್ಕೆ ಉಳಿದಿರುವ ನೇರ ದಾರಿ ಅದು: ಏಳನೇ ಸೆಮಿಸ್ಟರಿನ ಐಚ್ಛಿಕ, ಅದರ ಮೇಲೆ ಪಿಐ, ಅದರ ಮೇಲೆ ಎಂ.ಟೆಕ್.